ಪ್ರಾಣ ಉಳಿದ ಮೇಲೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಗೆ ಸರಕಾರದ ಕಾಗದಗಳಲ್ಲಿ ರಾಷ್ಟ್ರೀಯ ಹೆದ್ದಾರಿ 150ಎ ಎಂದು ಹೆಸರು. ಐವತ್ತು ಕಿಲೋಮೀಟರಿಗೆ ತುಸು ಮೇಲ್ಪಟ್ಟ ಈ ದಾರಿಯಲ್ಲಿ ಸುಗ್ಗಿಯ ಕಾಲಕ್ಕೆ ಹೋದವರಿಗೆ ತುಂಗಭದ್ರೆಯ ಕೃಪೆ ಎಂತಹುದೆಂಬುದು ಕಣ್ಣಾರೆ ಕಾಣುತ್ತದೆ. ಗದ್ದೆಯಲ್ಲಿ ಭತ್ತ, ಟ್ರಾಕ್ಟರಿನಲ್ಲಿ ಭತ್ತ, ಲಾರಿಯಲ್ಲಿ ಭತ್ತ. ಕಣದ ಕೆಲಸಕ್ಕೆ ರಸ್ತೆಯೇ ಒದಗಿದರೆ ಡಾಂಬರಿನ ಮೇಲೂ ಭತ್ತ. ಹಾಗೆ ಹರವಿದ ಕಾಳಿನ ಅಂಚಿಗೆ ಕಾವಲಾಗಿ ಕಲ್ಲುಗಳ ಸಾಲು. ಇರುಳಿನಲ್ಲಿ ಆ ಕಲ್ಲು ಕಾಣದೆ ಬಿದ್ದ ಮೋಟಾರು ಸೈಕಲ್ ಸವಾರನ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಬರುವುದುಂಟು. ಸತ್ತರೆ ನಾಲ್ಕು ಸಾಲು. ಬದುಕಿದರೆ ‘ಆಸ್ಪತ್ರೆಗೆ ದಾಖಲಿಸಲಾಗಿದೆ’ ಎಂಬ ಒಂದೇ ಸಾಲು. ಆಮೇಲೆ ಅವನೇನಾದನೆಂಬುದನ್ನು ಯಾರೂ ಬರೆಯುವುದಿಲ್ಲ.

2022ನೆಯ ಇಸವಿಯಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದೂ 4,43,366 ಮಂದಿ ಗಾಯಗೊಂಡರೆಂದೂ ಕೇಂದ್ರದ ಸಾರಿಗೆ ಸಚಿವಾಲಯ ಲೆಕ್ಕ ಕೊಟ್ಟಿದೆ. ಸತ್ತವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಗಾಯಗೊಂಡವರನ್ನು ತೀವ್ರ, ಸಾಮಾನ್ಯ ಎಂದು ವಿಂಗಡಿಸುವುದೇನೋ ಸರಿಯೆ. ಆದರೆ ಅವರಲ್ಲಿ ತಲೆಗೆ ಪೆಟ್ಟು ಬಿದ್ದವರೆಷ್ಟು, ವರುಷ ಕಳೆದ ಮೇಲೆ ತಮ್ಮ ಕಸುಬಿಗೆ ಮರಳಿದವರೆಷ್ಟು ಎಂದು ಎಣಿಸುವವರಿಲ್ಲ. ಲೆಕ್ಕಕ್ಕೆ ಬಾರದವರಿಗೆ ಬೊಕ್ಕಸದಲ್ಲಿ ಬಾಬು ತೆರೆಯುವುದಾದರೂ ಹೇಗೆ?

ಪ್ರಾಣ ಉಳಿಸುವ ವಿಷಯದಲ್ಲಿ ಸರಕಾರವನ್ನು ದೂರುವಂತಿಲ್ಲ. ಹಾಗೆ ದೂರಿದರೆ ಅದು ಅನ್ಯಾಯವೇ ಸರಿ. ಬಳ್ಳಾರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾದದ್ದು 1961ರಲ್ಲಿ. ಬಹುಕಾಲ ವಿಮ್ಸ್ ಎಂದು ಜನರ ಬಾಯಲ್ಲಿ ನೆಲೆನಿಂತು, ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರವೆಂಬ ಹೊಸ ಹೆಸರು ಹೊತ್ತಿರುವ ಆ ಸಂಸ್ಥೆಗೆ ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯಿಂದ ಟ್ರಾಮಾ ಕೇರ್ ಕಟ್ಟಡವೂ ಬಂದಿದೆ. 108ರ ಆಂಬುಲೆನ್ಸು 2008ರಿಂದ ರಾಜ್ಯದಲ್ಲಿ ಓಡಾಡುತ್ತಿದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡಾಗಿದ್ದರೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡು ಪ್ರಾಣಬಿಟ್ಟ ಹರೀಶ್ ನಂಜಪ್ಪನನ್ನು ಕನ್ನಡಿಗರು ಮರೆತಿರಲಾರರು. ಆತನ ಹೆಸರಿನಲ್ಲಿ ಮರುತಿಂಗಳೇ ರಾಜ್ಯ ಸರಕಾರ ಒಂದು ಯೋಜನೆ ತೆಗೆದು, ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿಸಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯುಂಟು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆ, ರಸ್ತೆ ಅಪಘಾತದ ಪ್ರತಿಯೊಬ್ಬ ಗಾಯಾಳುವಿಗೂ ಒಂದೂವರೆ ಲಕ್ಷ ರೂಪಾಯಿವರೆಗೆ ಹೊಣೆ ಹೊರುತ್ತದೆ.

ಎಷ್ಟು ದಿನ? ಏಳು ದಿನ.

ಕಾಲು ಮುರಿದವನಿಗೆ ಏಳು ದಿನ ಒಂದು ಆರಂಭ. ಮಿದುಳಿಗೆ ಪೆಟ್ಟು ತಿಂದವನಿಗೆ ಅದು ಆರಂಭವೂ ಅಲ್ಲ. ಆ ಹೊತ್ತಿಗೆ ಅವನು ಇನ್ನೂ ಕಣ್ಣು ತೆರೆದಿರದೆ ಇರಬಹುದು. ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಶಸ್ತ್ರವೈದ್ಯರು ತೆಗೆಯುತ್ತಾರೆ, ಬಾವು ಇಳಿಸುತ್ತಾರೆ. ಆದರೆ ವೇಗದಲ್ಲಿದ್ದ ತಲೆ ಥಟ್ಟನೆ ನಿಂತಾಗ ಒಳಗಿನ ಮೃದುವಾದ ಮಿದುಳು ಮುಂದಕ್ಕೂ ಹಿಂದಕ್ಕೂ ತೊನೆದು, ಅದರ ಎಳೆ ಎಳೆ ನರತಂತುಗಳು ಜಗ್ಗಿ ಹರಿಯುತ್ತವೆ. ಅದಕ್ಕೆ ಹೊಲಿಗೆಯಿಲ್ಲ. ಉಳಿದ ತಂತುಗಳು ಹೊಸ ದಾರಿ ಹುಡುಕಿಕೊಳ್ಳಬೇಕು. ಅದು ತಿಂಗಳುಗಳ, ಕೆಲವೊಮ್ಮೆ ವರುಷಗಳ ಕೆಲಸ. ಆ ಕೆಲಸಕ್ಕೆ ಮಾತು ಕಲಿಸುವವರು ಬೇಕು, ಕೈಕಾಲು ಪಳಗಿಸುವವರು ಬೇಕು, ಮರೆವಿಗೆ ಉಪಾಯ ಹೇಳಿಕೊಡುವವರು ಬೇಕು, ಎಲ್ಲಕ್ಕೂ ಮಿಗಿಲಾಗಿ ಮನೆಯವರಿಗೆ ‘ಇದು ಕಾಯಿಲೆ, ಹುಡುಗನ ಕೆಟ್ಟತನವಲ್ಲ’ ಎಂದು ತಿಳಿಹೇಳುವವರು ಬೇಕು.

ಸಿರುಗುಪ್ಪದ ಸೀಮೆಯ ಯಾವುದೇ ಹಳ್ಳಿಯ ಇಪ್ಪತ್ತೈದರ ತರುಣನೊಬ್ಬನನ್ನು ಊಹಿಸಿಕೊಳ್ಳಬಹುದು. ಟ್ರಾಕ್ಟರು ಹೊಡೆಯುತ್ತಿದ್ದವ, ಮೂರು ವಾರ ಆಸ್ಪತ್ರೆಯಲ್ಲಿದ್ದು ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಿದ್ದಾನೆ. ಊರಿಗೆ ಊರೇ ನೋಡಲು ಬಂದು, “ಕೈ ಕಾಲು ನೆಟ್ಟಗ ಅದಾವಲ್ಲವ್ವಾ, ದೇವರು ದೊಡ್ಡಾವ” ಎಂದು ತಾಯಿಗೆ ಸಮಾಧಾನ ಹೇಳಿ ಹೋಗಿದೆ. ಸಮಾಧಾನ ತಿಂಗಳೊಪ್ಪತ್ತು ನಿಂತೀತು. ಬೆಳಿಗ್ಗೆ ಹೇಳಿದ ಮಾತು ಮಧ್ಯಾಹ್ನಕ್ಕೆ ಅವನಿಗೆ ನೆನಪಿಲ್ಲ. ಸಣ್ಣ ಮಾತಿಗೆ ಹೆಂಡತಿಯ ಮೇಲೆ ಕೈಯೆತ್ತುತ್ತಾನೆ, ಅರೆಗಳಿಗೆಯಲ್ಲಿ ಅಳುತ್ತಾನೆ. ಸದ್ದು ಸಹಿಸುವುದಿಲ್ಲ. ಕೀಲಿ ಕೊಟ್ಟು ಟ್ರಾಕ್ಟರು ಹತ್ತಿಸಿದರೆ ಅರ್ಧ ಸಾಲು ಉತ್ತು ಸುಮ್ಮನೆ ಕುಳಿತುಬಿಡುತ್ತಾನೆ. ಒಂದು ದಿನ ಮೂರ್ಛೆ ಬಂದು ಬೀಳುತ್ತಾನೆ. ಆಗ ಅದೇ ಊರು ಗಾಳಿ ಮೆಟ್ಟಿತೆಂದೋ, ಸೋಮಾರಿಯಾದನೆಂದೋ, ಕುಡಿಯಲು ಕಲಿತನೆಂದೋ ಮಾತು ಬದಲಿಸುತ್ತದೆ. ಹೆಂಡತಿಯ ತವರಿನವರು ಬಂದು ಮಗಳನ್ನು ಕರೆದೊಯ್ದರೆ ಅವರನ್ನೂ ತಪ್ಪೆನ್ನುವಂತಿಲ್ಲ. ತಾಯಿ ಉಳಿಯುತ್ತಾಳೆ, ಆಕೆಗೆ ಕೂಲಿ ತಪ್ಪುತ್ತದೆ. ಒಂದು ಪೆಟ್ಟಿಗೆ ಮನೆಯ ಎರಡು ದುಡಿಮೆ ಹೋದವೆಂಬ ಈ ಲೆಕ್ಕವನ್ನು ಯಾವ ಕಚೇರಿಯೂ ಬರೆದಿಡುವುದಿಲ್ಲ.

ಇದು ಹೊಸ ವಿಚಾರವೇನೂ ಅಲ್ಲ. ಗಣಿಯ ನಾಡಿನವರು ಕೇಳತಕ್ಕ ಕಥೆಯೊಂದುಂಟು. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವೆರ್ಮಾಂಟ್ ಪ್ರಾಂತದಲ್ಲಿ ರೈಲು ದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಮೇಸ್ತ್ರಿ ಫಿನಿಯಸ್ ಗೇಜ್ ಎಂಬವನ ಕೈಯಲ್ಲಿದ್ದ ಮದ್ದು ಗಿಡಿಯುವ ಕಬ್ಬಿಣದ ಸಲಾಕೆ, ಮದ್ದು ಹೊತ್ತಿಕೊಂಡು, ಅವನ ಎಡಗೆನ್ನೆಯೊಳಗೆ ಹೊಕ್ಕು ನೆತ್ತಿಯನ್ನು ಸೀಳಿ ಹೊರಬಿತ್ತು. ಮೂರೂವರೆ ಅಡಿಗೂ ಮಿಕ್ಕ ಉದ್ದ, ಸುಮಾರು ಆರು ಕಿಲೋ ತೂಕದ ಸಲಾಕೆ. ಗೇಜ್ ಬದುಕಿದ, ಡಾಕ್ಟರ್ ಹಾರ್ಲೋ ಅವನನ್ನು ಉಳಿಸಿದರು. ಆದರೆ ಅಚ್ಚುಕಟ್ಟಿನ ಮೇಸ್ತ್ರಿಯಾಗಿದ್ದವನು ಮುಂಗೋಪಿಯೂ ಚಂಚಲನೂ ಬಿರುನುಡಿಯವನೂ ಆಗಿ ಮಾಲಿಕರಿಗೆ ಬೇಡವಾದ. ವೈದ್ಯಶಾಸ್ತ್ರದ ಪುಸ್ತಕಗಳು ಬಹುಕಾಲ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದವು. ಉಳಿದ ಭಾಗವೇ ಹೆಚ್ಚು ಬೆಲೆಯುಳ್ಳದ್ದು. ಗೇಜ್ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಹಲವು ವರುಷ ಆರು ಕುದುರೆಗಳ ಪ್ರಯಾಣಿಕರ ಗಾಡಿ ಹೊಡೆದ. ಮುಂಜಾನೆ ಏಳುವುದು, ಕುದುರೆ ಉಜ್ಜುವುದು, ಕಟ್ಟುವುದು, ಗೊತ್ತಾದ ದಾರಿಯಲ್ಲಿ ಗೊತ್ತಾದ ಹೊತ್ತಿಗೆ ಓಡಿಸುವುದು. ದಿನದಿನದ ಆ ಕಟ್ಟಳೆಯೇ ಅವನ ಮಿದುಳಿಗೆ ಮದ್ದಾಯಿತೆಂದು ಅವನ ಚರಿತ್ರೆಯನ್ನು ಶೋಧಿಸಿದ ಮ್ಯಾಲ್ಕಮ್ ಮ್ಯಾಕ್‌ಮಿಲನ್ ಅಭಿಪ್ರಾಯಪಟ್ಟಿದ್ದಾರೆ. ಕಡೆಗೆ ಮೂರ್ಛೆರೋಗಕ್ಕೆ ಸಿಕ್ಕಿ 1860ರಲ್ಲಿ ಗೇಜ್ ತೀರಿಕೊಂಡ. ಅವನಿಗೆ ಚಿಲಿಯಲ್ಲಿ ದೊರೆತ ಕಟ್ಟಳೆ ಅದೃಷ್ಟದ ಮಾತು. ಅದೃಷ್ಟವಿಲ್ಲದವರಿಗೆ ಅದನ್ನು ಏರ್ಪಡಿಸಿಕೊಡುವ ಕೆಲಸಕ್ಕೆ ಪುನರ್ವಸತಿ ಎಂದು ಹೆಸರು.

ಕಾನೂನು ಏನನ್ನುತ್ತದೆ? 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಪಾರ್ಕಿನ್‌ಸನ್ ಕಾಯಿಲೆ ಅದರಲ್ಲಿದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಆಸಿಡ್ ದಾಳಿಗೆ ತುತ್ತಾದವರಿದ್ದಾರೆ, ಇವೆಲ್ಲ ಇರಲೇಬೇಕಾದವೆ. ಮಿದುಳಿನ ಪೆಟ್ಟಿಗೆ ಮಾತ್ರ ತನ್ನದೇ ಆದ ಹೆಸರಿಲ್ಲ. ಆದುದರಿಂದ ಗಾಯಾಳು ತಾನು ಕುಂಟನೆಂದೋ, ಮಾತು ತಪ್ಪಿದವನೆಂದೋ, ಮಾನಸಿಕ ಅಸ್ವಸ್ಥನೆಂದೋ ಬೇರೆ ಯಾವುದಾದರೂ ಬಾಗಿಲಿನಿಂದ ಒಳಗೆ ಬರಬೇಕು. ಸವಲತ್ತು ಸಿಗಬೇಕಾದರೆ ಅಳತೆ ನೂರಕ್ಕೆ ನಲವತ್ತನ್ನು ಮುಟ್ಟಬೇಕು. ನಡೆಯಬಲ್ಲ, ಮಾತಾಡಬಲ್ಲ, ಆದರೆ ನೆನಪೂ ವಿವೇಚನೆಯೂ ಕುಂದಿದ ಆ ಟ್ರಾಕ್ಟರಿನ ಹುಡುಗನನ್ನು ಯಾವ ಮೊಳಕೋಲಿನಿಂದ ಅಳೆಯುವುದು? ಆಸ್ಪತ್ರೆಯ ಮಂಡಳಿಯ ಮುಂದೆ ಹತ್ತು ನಿಮಿಷ ಅವನು ಎಲ್ಲರಂತೆಯೇ ಕುಳಿತಿರುತ್ತಾನೆ.

ಹೇಗೋ ಒಳಗೆ ಬಂದನೆನ್ನಿ. ತೀವ್ರ ವೈಕಲ್ಯವುಳ್ಳ ಬಡವರಿಗೆ ಕೇಂದ್ರ ಸರಕಾರ ಇಂದಿರಾ ಗಾಂಧಿ ರಾಷ್ಟ್ರೀಯ ಪಿಂಚಣಿಯಲ್ಲಿ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ. ಅದಕ್ಕೂ ವೈಕಲ್ಯ ನೂರಕ್ಕೆ ಎಂಬತ್ತಾಗಿರಬೇಕು. 2012ರಲ್ಲಿ 200ರಿಂದ 300ಕ್ಕೆ ಏರಿದ ಮೊತ್ತ ಅಲ್ಲಿಯೇ ನಿಂತಿದೆ. ರಾಜ್ಯ ಸರಕಾರ ತನ್ನದನ್ನು ಸೇರಿಸಿ ಕೊಡುತ್ತದೆಂಬುದು ನಿಜ. ಇನ್ನೊಂದು ಕಡೆ ಸುಪ್ರೀಂ ಕೋರ್ಟಿನ ಲೆಕ್ಕವನ್ನು ನೋಡಬೇಕು. ಟ್ರಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಗುದ್ದಿ ಮಿದುಳು ಘಾಸಿಗೊಂಡ ಹನ್ನೆರಡರ ಬಾಲಕಿಯೊಬ್ಬಳ ಪ್ರಕರಣದಲ್ಲಿ 2020ರ ಫೆಬ್ರವರಿಯಲ್ಲಿ ತೀರ್ಪಿತ್ತ ನ್ಯಾಯಾಲಯ, ಆಕೆಯನ್ನು ಹಗಲಿರುಳು ನೋಡಿಕೊಳ್ಳಲು ಇಬ್ಬರು ಬೇಕು, ತಲಾ 5,000ದಂತೆ ತಿಂಗಳಿಗೆ 10,000 ರೂಪಾಯಿ ಎಂದು ಗುಣಿಸಿ, ಆ ಒಂದು ಬಾಬಿಗೇ 21,60,000 ರೂಪಾಯಿ ಸೇರಿಸಿ, ಒಟ್ಟು ಪರಿಹಾರವನ್ನು 62,27,000ಕ್ಕೆ ನಿಲ್ಲಿಸಿತು. ನೋಡಿಕೊಳ್ಳುವವರ ದುಡಿಮೆಗೂ ಬೆಲೆಯುಂಟೆಂದು ದೇಶದ ಅತ್ಯುಚ್ಚ ನ್ಯಾಯಪೀಠವೇ ಒಪ್ಪಿದಂತಾಯಿತು. ಆದರೆ ಇದು ವಿಮೆಯಿರುವ ವಾಹನ ಗುದ್ದಿದವರಿಗೆ, ಮೊಕದ್ದಮೆ ನಡೆಸಬಲ್ಲವರಿಗೆ. ಭತ್ತದ ಅಂಚಿನ ಕಲ್ಲಿಗೆ ತಾನಾಗಿ ಬಿದ್ದವನು, ಮನೆ ಕಟ್ಟುವಾಗ ಸಾರುವೆಯಿಂದ ಜಾರಿದವನು ಯಾರ ಮೇಲೆ ದಾವೆ ಹೂಡಬೇಕು?

ಬೇರೆ ದೇಶಗಳು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ನ್ಯೂಜಿಲೆಂಡಿನಲ್ಲಿ 1974ರಿಂದ, ತಪ್ಪು ಯಾರದೆಂದು ಕೇಳದೆ, ಅಪಘಾತದ ಗಾಯಾಳುವಿನ ಚಿಕಿತ್ಸೆಯನ್ನೂ ಪುನರ್ವಸತಿಯನ್ನೂ ಸರಕಾರಿ ನಿಗಮವೇ ವಹಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ 2006ರಲ್ಲಿ ಮಕ್ಕಳಿಗೂ 2007ರಲ್ಲಿ ದೊಡ್ಡವರಿಗೂ ಆಜೀವ ಆರೈಕೆಯ ಯೋಜನೆ ತಂದಿತು. ಪ್ರತಿಯೊಬ್ಬ ವಾಹನದ ಒಡೆಯ ವಿಮೆ ಕಟ್ಟುವಾಗ ಅದಕ್ಕೊಂದಿಷ್ಟು ಕಾಣಿಕೆ ಸೇರಿಸುತ್ತಾನೆ. ಅಮೆರಿಕದ ಹಲವು ಪ್ರಾಂತಗಳು ಸಂಚಾರ ದಂಡದ ಮೇಲೆ ಸಣ್ಣ ಹೆಚ್ಚುವರಿ ವಿಧಿಸಿ, ಮಿದುಳಿನ ಪೆಟ್ಟು ತಿಂದವರಿಗೆಂದೇ ನಿಧಿ ಕಟ್ಟಿವೆ. ಈ ಕೊನೆಯ ಉಪಾಯ ಕರ್ನಾಟಕಕ್ಕೆ ಒಗ್ಗದ್ದೇನಲ್ಲ. ಹಿಂಬದಿಯ ಸವಾರನಿಗೂ 2016ರಿಂದ ಇಲ್ಲಿ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ ಧರಿಸಿದವರಲ್ಲಿ ತಲೆಪೆಟ್ಟಿನ ಸಂಭವ ಮೂರರಲ್ಲಿ ಎರಡು ಪಾಲಿನಷ್ಟು ಕಡಿಮೆಯೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಬರಿತಲೆಯವನಿಂದ ವಸೂಲಾದ ದಂಡ ಒಡೆದ ತಲೆಯವನಿಗೆ ಸಲ್ಲುವುದರಲ್ಲಿ ಒಂದು ನ್ಯಾಯವೂ ಇದೆ.

ಆದರೆ ಬಳ್ಳಾರಿಗೆ ವಿದೇಶದ ಉದಾಹರಣೆ ಏಕೆ? ಊರಿನ ಹೆಸರನ್ನೇ ಹೊತ್ತ ಉದಾಹರಣೆ ಊರಿನಲ್ಲಿಯೇ ಇದೆ. ಮನೋವೈದ್ಯರ ಪಠ್ಯಪುಸ್ತಕಗಳಲ್ಲಿ ‘ಬಳ್ಳಾರಿ ಮಾದರಿ’ ಎಂಬ ಮಾತು ಬರುತ್ತದೆ. ಬಳ್ಳಾರಿಯ ಬಹುಪಾಲು ಜನಕ್ಕೆ ಅದರ ಅರಿವಿಲ್ಲದಿರುವುದು ವಿಚಿತ್ರ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶ ಅಂಗೀಕರಿಸಿದಾಗ, ಇದು ಹಳ್ಳಿಯನ್ನು ಮುಟ್ಟುವುದು ಹೇಗೆಂಬುದನ್ನು ಯಾರೂ ತೋರಿಸಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತನ್ನಿಂದ 300 ಕಿಲೋಮೀಟರಿಗೂ ಆಚೆಯ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು 1985ರಿಂದ 1990ರವರೆಗೆ ಪ್ರಯೋಗ ನಡೆಸಿತು. ಉಪಾಯ ಸರಳವಾಗಿತ್ತು: ಮನೋವೈದ್ಯರನ್ನು ಹಳ್ಳಿಗೆ ಕಳುಹಿಸುವುದಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗಾಗಲೇ ಇರುವ ವೈದ್ಯರಿಗೂ ಮನೆಮನೆ ತಿರುಗುವ ಕಾರ್ಯಕರ್ತರಿಗೂ ತರಬೇತಿ ಕೊಡುವುದು, ಅಲ್ಲಿಯೇ ನಾಲ್ಕಾರು ಬಗೆಯ ಮಾತ್ರೆ ಸಿಗುವಂತೆ ಮಾಡುವುದು, ಬಂದವರ ಹೆಸರು ಬರೆದಿಡುವುದು, ಜಿಲ್ಲಾ ಮಟ್ಟದಲ್ಲಿ ಆಗಾಗ್ಗೆ ಪರಿಶೀಲಿಸುವುದು. ಮೂರ್ಛೆರೋಗವೂ ಆ ಪಟ್ಟಿಯಲ್ಲಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಪ್ರಯೋಗ ನಿಂತಿತು, ನೆಲೆಯೂರಿತು. 1996ರಲ್ಲಿ ಕೇಂದ್ರ ಸರಕಾರ ಅದನ್ನೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಕೈಗೆತ್ತಿಕೊಂಡಿತು. ಇಂದು ಅದು ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಮಂಜೂರಾಗಿದೆ.

2022ರಲ್ಲಿ ರಾಜ್ಯ ಸರಕಾರವೂ ನಿಮ್ಹಾನ್ಸೂ ಸೇರಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರಗಳಲ್ಲಿ ಮಿದುಳು ಆರೋಗ್ಯದ ಕಾರ್ಯಕ್ರಮ ತೊಡಗಿಸಿ, ಬಳಿಕ ಅದನ್ನು ಇತರ ಜಿಲ್ಲೆಗಳಿಗೂ ಒಯ್ದದ್ದು ಇದೇ ಬಳ್ಳಾರಿಯ ಜಾಡು ಹಿಡಿದೇ. ಅದರ ಲಕ್ಷ್ಯ ಮುಖ್ಯವಾಗಿ ಪಾರ್ಶ್ವವಾಯು, ಮೂರ್ಛೆ, ತಲೆನೋವು, ಮರೆಗುಳಿತನಗಳ ಮೇಲೆ. ತಲೆಪೆಟ್ಟಿನವರ ತಿಂಗಳುಗಟ್ಟಲೆಯ ಅಭ್ಯಾಸಕ್ಕೆ ಬೇಕಾದ ಕೈಗಳು ಇನ್ನೂ ತಾಲ್ಲೂಕಿಗೆ ಬರಬೇಕಾಗಿದೆ.

ಅದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆಯನ್ನು ಬೇರೆ ಜಿಲ್ಲೆಗಳು ಕೇಳಬಹುದು. ವಿಕಲಚೇತನರ ಕಾಯಿದೆಯ 27ನೆಯ ಕಲಮು ಪುನರ್ವಸತಿಯ ಸೇವೆ ಸರಕಾರದ, ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು ಹೇಳಿ, ಜೊತೆಗೇ ಅವುಗಳ ಆರ್ಥಿಕ ಶಕ್ತಿಗೆ ಅನುಸಾರವಾಗಿ ಎಂಬ ಅಡಕವನ್ನೂ ಇಟ್ಟಿದೆ. ಸಂಡೂರಿನ ಗುಡ್ಡಗಳನ್ನು ಅಗೆದು ಲೋಕಕ್ಕೆ ಕಬ್ಬಿಣ ಕೊಟ್ಟ ಜಿಲ್ಲೆ ಆ ಅಡಕದ ಹಿಂದೆ ಅಡಗುವಂತಿಲ್ಲ. 2015ರ ತಿದ್ದುಪಡಿಯ ಪ್ರಕಾರ ಹಳೆಯ ಗಣಿ ಗುತ್ತಿಗೆದಾರರು ತಾವು ಕೊಡುವ ರಾಜಧನದ ನೂರಕ್ಕೆ 30ರಷ್ಟನ್ನೂ ಹರಾಜಿನಲ್ಲಿ ಪಡೆದವರು 10ರಷ್ಟನ್ನೂ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸಬೇಕು. ಆ ಹಣದ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳ ಜೊತೆಗೆ ವೃದ್ಧರ ಹಾಗೂ ವಿಕಲಚೇತನರ ಕಲ್ಯಾಣ ಎಂದೂ ಅಚ್ಚಾಗಿದೆ. ಗಣಿಯ ನೆರೆಹೊರೆಗೆ ಮೊದಲ ಪಾಲೆಂಬ ನಿಯಮದಿಂದ ದೂರದ ಸಿರುಗುಪ್ಪಕ್ಕೆ ಅದರಲ್ಲಿ ದೊರೆಯುವುದು ಕಡಿಮೆಯೆಂದು ವಾದಿಸಬಹುದು. ಹಾಗಾದರೆ ಸಂವಿಧಾನದ 371ಜೆ ವಿಧಿಯಿಂದ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. ಅದಕ್ಕೆ 2023–24ರ ಆಯವ್ಯಯದಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ. ಅದಕ್ಕೆ ಸಿರುಗುಪ್ಪವೂ ಒಂದೇ, ಸಂಡೂರೂ ಒಂದೇ.

ಬೇಕಾಗುವುದಾದರೂ ಎಷ್ಟು? ಒಂದು ತಾಲ್ಲೂಕಿಗೆ ಫಿಜಿಯೊಥೆರಪಿಯವರೊಬ್ಬರು, ಮಾತಿನ ಚಿಕಿತ್ಸಕರೊಬ್ಬರು, ದಿನಗೆಲಸದ ಅಭ್ಯಾಸ ಮಾಡಿಸುವವರೊಬ್ಬರು, ಮನೆಮನೆಗೆ ಹೋಗುವ ಸಮಾಜ ಕಾರ್ಯಕರ್ತರೊಬ್ಬರು. ತಲಾ ಮೂವತ್ತು ಸಾವಿರದ ಸಂಬಳವೆಂದು ಇಟ್ಟುಕೊಂಡರೆ ನಾಲ್ವರಿಗೆ ವರುಷಕ್ಕೆ 14,40,000 ರೂಪಾಯಿ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಐದೂ ತಾಲ್ಲೂಕುಗಳಿಗೆ 72 ಲಕ್ಷ. ನಗದುರಹಿತ ಯೋಜನೆಯ ಮಿತಿಯಲ್ಲಿ 48 ಗಾಯಾಳುಗಳಿಗೆ ಏಳು ದಿನಕ್ಕೆ ತಗಲಬಹುದಾದ ಮೊತ್ತವೂ 72 ಲಕ್ಷವೇ. ಪ್ರಾಣ ಉಳಿಸಲು ಅಷ್ಟು ಸುರಿದ ಮೇಲೆ ಉಳಿದ ಪ್ರಾಣ ಮನುಷ್ಯನಾಗಿ ಬಾಳಲು ಇನ್ನಷ್ಟನ್ನು ಕೊಡಲು ಹಿಂದೆಗೆಯುವುದು ಜಿಪುಣತನವೂ ಅಲ್ಲ, ಬರಿಯ ಲೆಕ್ಕ ತಪ್ಪುವಿಕೆ. ಅಡ್ಡಿಯಿರುವುದು ಬೇರೆಡೆ: ಕಟ್ಟಡಕ್ಕೆ ಅಡಿಗಲ್ಲು ಉಂಟು, ಉದ್ಘಾಟನೆ ಉಂಟು, ಮಾತು ಕಲಿಸುವವರ ತಿಂಗಳ ಸಂಬಳಕ್ಕೆ ಕತ್ತರಿಸಲು ಟೇಪಿಲ್ಲ. ಛತ್ತೀಸಗಢದ ಗಣಿ ಜಿಲ್ಲೆಗಳು ಖನಿಜ ನಿಧಿಯಿಂದ ವೈದ್ಯರ ಸಂಬಳವನ್ನೇ ಕೊಟ್ಟ ನಿದರ್ಶನವಿರುವಾಗ ನಿಯಮದ ನೆಪವೂ ನಿಲ್ಲದು.

ಕೆಳಗಿನ ಮೆಟ್ಟಿಲು ಆಗಲೇ ಸಿದ್ಧವಾಗಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರಬೇಕೆಂಬ ಏರ್ಪಾಡು ಇತರ ರಾಜ್ಯಗಳಿಗೆ ಮೇಲ್ಪಂಕ್ತಿಯಾಗತಕ್ಕದ್ದು. ಬಹುಮಟ್ಟಿಗೆ ತಾವೂ ವಿಕಲಚೇತನರಾಗಿರುವ ಈ ಕಾರ್ಯಕರ್ತರು ಅಲ್ಪ ಗೌರವಧನಕ್ಕೆ ದುಡಿಯುತ್ತಾರೆ. ಗುರುತಿನ ಚೀಟಿಗೆ ಅರ್ಜಿ ಬರೆಸುತ್ತಾರೆ, ಪಿಂಚಣಿಗೆ ಅಲೆಯುತ್ತಾರೆ. ಇವರಿಗೆ ತಲೆಪೆಟ್ಟಿನ ಲಕ್ಷಣಗಳನ್ನು ಕಲಿಸಲು ಒಂದು ವಾರ ಸಾಕು. ದೊಡ್ಡಬಸವೇಶ್ವರನ ಜಾತ್ರೆಗೆ ಹೆಸರಾದ ಕುರುಗೋಡು ತಾಲ್ಲೂಕಾಗಿ ಬಹಳ ವರುಷವಾಗಿಲ್ಲ. ಕಚೇರಿಗಳು ಒಂದೊಂದಾಗಿ ಬೇರೂರುತ್ತಿವೆ. ಹಳೆಯ ರೂಢಿ ಅಂಟಿಕೊಳ್ಳದ ಇಂತಹ ಕಡೆಯಲ್ಲಿ ಪ್ರಯೋಗ ತೊಡಗುವುದು ಸುಲಭ. ಅಲ್ಲಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಮೂವತ್ತು ಕಿಲೋಮೀಟರಿನ ಸುಮಾರು. 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ಸಿನ ಚಾರ್ಜಿಲ್ಲ. ಮಗನಿಗೆ, ಚೀಟಿಯಿಲ್ಲದಿದ್ದರೆ, ಉಂಟು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಕೆಲವು ಕೆಲಸಗಳಿವೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಿನ ಕಾಗದ, ಸ್ಕ್ಯಾನಿನ ವರದಿ, ಪೊಲೀಸರ ಪ್ರಥಮ ವರ್ತಮಾನ ವರದಿ ಇವನ್ನು ಕಳೆಯದೆ ಇಟ್ಟುಕೊಳ್ಳಬೇಕು. ಮೋಟಾರು ಅಪಘಾತದ ಪರಿಹಾರಕ್ಕೆ 2019ರ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ. ಅದರ ಸಿಂಧುತ್ವ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿದ್ದರೂ ಗಡುವಿನೊಳಗೆ ಅರ್ಜಿ ಹಾಕುವುದೇ ಜಾಣತನ. ವೈಕಲ್ಯದ ಮಂಡಳಿಯ ಮುಂದೆ ಹೋಗುವಾಗ ಗಾಯಾಳುವಿನ ಜೊತೆಗೆ ಅವನ ದಿನಚರಿ ಬಲ್ಲವರೊಬ್ಬರು ಹೋಗಿ, ಅವನು ಏನನ್ನು ಮರೆಯುತ್ತಾನೆ, ಯಾವಾಗ ಸಿಡಿಯುತ್ತಾನೆ, ಯಾವ ಕೆಲಸ ನಡುವೆ ಬಿಡುತ್ತಾನೆ ಎಂಬುದನ್ನು ಬರೆದೇ ಒಯ್ಯುವುದು ಮೇಲು. ಪಂಚಾಯತಿ ತನ್ನ ಅನುದಾನದಲ್ಲಿ ನೂರಕ್ಕೆ ಐದನ್ನು ವಿಕಲಚೇತನರಿಗೆ ತೆಗೆದಿಡಬೇಕೆಂಬ ನಿಯಮವಿದೆ. ಆ ಹಣದ ಕ್ರಿಯಾಯೋಜನೆಗೆ ಹೆಸರು ಸೇರಬೇಕಾದದ್ದು ಗ್ರಾಮಸಭೆಯಲ್ಲಿ. ವರುಷದ ಕೊನೆಗೆ, ಮಾರ್ಚ್ ತಿಂಗಳಲ್ಲಿ, ಉಳಿದ ಹಣಕ್ಕೆ ಲೆಕ್ಕ ಹೊಂದಿಸುವ ಹೊತ್ತಿನಲ್ಲಿ ಹೋದವರಿಗೆ ಸಿಗುವುದು ಮುಂದಿನ ವರುಷದ ಮಾತು ಮಾತ್ರ.